ವನ್ಸ್ ಮೋರ್ ಬೇಡವೆಂದವರು

ಅವರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಗೆ ಬರೆದು ಕಳಿಸಿದವನು ನಾನೇ. ಬಳ್ಳಾರಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು, ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು, ಪತ್ನಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಅಣ್ಣನ ಮಗನ ಮನೆಯಲ್ಲಿದ್ದರು. ಸುದ್ದಿಗೆ ಅಷ್ಟು ಸಾಕು. ‘ನಾಟಕಾಸಕ್ತರು’ ಎಂಬ ಪದ ಸೇರಿಸಲೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿ ಕೈಬಿಟ್ಟೆ. ಆ ಪದದಲ್ಲಿ ಅವರು ಹಿಡಿಸುತ್ತಿರಲಿಲ್ಲ. ಅಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದೆಂದು ಹೇಳಿಯೇ ಬರೆಯುತ್ತೇನೆ.

ಊರಿನಲ್ಲಿ ಅವರನ್ನು ‘ಅಮೆರಿಕಾ ಸರ’ ಎನ್ನುತ್ತಿದ್ದರು. ಹೊಗಳಿಕೆಗೂ ಅದೇ, ಗೇಲಿಗೂ ಅದೇ. ಅರವತ್ತರ ದಶಕದ ಮೊದಲಲ್ಲಿ ಅಧ್ಯಾಪಕರಿಗೆ ಕೊಡುವ ಒಂದು ವರ್ಷದ ತರಬೇತಿಗೆಂದು ಅವರು ಅಲ್ಲಿಗೆ ಹೋಗಿದ್ದರು. ಇಂಗ್ಲಿಷ್ ಕಲಿಸುವುದು ಹೇಗೆಂದು ಕಲಿಯಲು ಹೋದವರು ಹಾಡಿನ ನಾಟಕ ನೋಡುವುದನ್ನು ಕಲಿತು ಬಂದರು. ಶನಿವಾರ ಬಂತೆಂದರೆ ರೈಲು ಹಿಡಿದು ನ್ಯೂಯಾರ್ಕಿಗೆ ಹೋಗುವುದು, ಕಡೆಯ ಸಾಲಿನ ಹಿಂದೆ ನಿಂತು ನೋಡುವವರಿಗೆ ಕೊಡುವ ಅಗ್ಗದ ಟಿಕೆಟ್ ಕೊಳ್ಳುವುದು, ಅಲ್ಲಿನ ಕಂಬಿಗೆ ಮೊಣಕೈ ಊರಿ ನಿಲ್ಲುವುದು. ಬಳ್ಳಾರಿಗೆ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಸಭೆ, ಮದುವೆ, ಪುರಾಣ ಯಾವುದೇ ಇರಲಿ, ಎದುರಿಗೆ ಕುರ್ಚಿ ಖಾಲಿಯಿದ್ದರೂ ಹಿಂದೆ ಹೋಗಿ ಗೋಡೆಗೆ ಒರಗಿ ನಿಲ್ಲುತ್ತಿದ್ದರು.

“ಬರ್ರಿ ಸರ, ಮುಂದ ಕುಂದರ್ರಿ” ಎಂದು ಯಾರಾದರೂ ಕರೆದರೆ, “ಕುಂತ್ರ ನಿದ್ದಿ ಬರ್ತೈತಪಾ. ನಿಂತ್ರ ನಾಟಕ ಒಳಗ ಇಳೀತೈತಿ” ಎನ್ನುತ್ತಿದ್ದರು. ಅಲ್ಲಿ ನಡೆಯುತ್ತಿದ್ದುದು ಮದುವೆಯಾಗಿದ್ದರೂ ಅದೇ ಉತ್ತರ.

ಅಮೆರಿಕದಿಂದ ಅವರು ತಂದ ವಸ್ತುಗಳಲ್ಲಿ ನಾನು ಕಂಡದ್ದು ಒಂದೇ, ಕಪ್ಪು ಉಣ್ಣೆಯ ಉದ್ದನೆಯ ಕೋಟು. ಬಳ್ಳಾರಿಯ ಬಿಸಿಲಿನಲ್ಲಿ ಅದನ್ನು ತೊಡುವ ದಿನ ಒಮ್ಮೆಯೂ ಬರಲಿಲ್ಲ. ಗೋಡೆಯ ಗೂಟದಲ್ಲಿ ತೂಗುತ್ತಿತ್ತು. ಅಣ್ಣನ ಸೊಸೆ ಕಸ ಹೊಡೆಯುವಾಗಲೆಲ್ಲ ಅದಕ್ಕೂ ಎರಡೇಟು ಹಾಕಿ ಧೂಳು ಉದುರಿಸುತ್ತಿದ್ದಳು. ಅವರು ನಿಜವಾಗಿ ತಂದದ್ದು ಕಥೆಗಳನ್ನು.

ತರಗತಿಯಲ್ಲಿ ವ್ಯಾಕರಣದ ನಡುವೆ ಆ ಕಥೆಗಳು ನುಸುಳಿ ಬರುತ್ತಿದ್ದವು. ನೂರು ವರ್ಷಗಳ ಹಿಂದೆ ನ್ಯೂಯಾರ್ಕಿಗೆ ಫ್ರಾನ್ಸಿನಿಂದ ಒಂದು ನೃತ್ಯ ತಂಡ ಬಂದಿಳಿದಿತ್ತಂತೆ. ಅವರು ಕುಣಿಯಬೇಕಿದ್ದ ರಂಗಮಂದಿರ ಅಷ್ಟರಲ್ಲಿ ಸುಟ್ಟುಹೋಗಿತ್ತು. ಇನ್ನೊಂದು ರಂಗಮಂದಿರದ ಮಾಲೀಕನ ಬಳಿ ಮಾಟ ಮಂತ್ರದ ನಾಟಕವೊಂದು ಸೊರಗಿ ಬಿದ್ದಿತ್ತು. ಅವನು ಆ ನಾಟಕದೊಳಗೆ ಈ ಕುಣಿಯುವವರನ್ನು ತುಂಬಿದ. ಮಂದಿ ಮುಗಿಬಿದ್ದರು. ಅಮೆರಿಕದ ಹಾಡಿನ ನಾಟಕ ಹುಟ್ಟಿದ್ದು ಹೀಗೆಂದು ಅಲ್ಲಿಯವರು ಹೇಳುತ್ತಾರೆ ಎಂದು ಹೇಳಿ, “ಇದು ಖರೇನೋ ಸುಳ್ಳೋ ನನಗ ಗೊತ್ತಿಲ್ಲ. ಆದ್ರ ಬೆಂಕಿ ಬಿದ್ದ ಜಾಗದಾಗ ಹುಟ್ಟಿದ್ದು ಅಂದ್ರ ನಂಬಾಕ ಚಲೋ ಐತಿ” ಎಂದು ನಗುತ್ತಿದ್ದರು.

ಅವರು ಹೆಚ್ಚಾಗಿ ಹೇಳುತ್ತಿದ್ದುದು ಮೂರು ಸಂಗತಿ. ಮೊದಲನೆಯದು, ಹೊಸ ನಾಟಕವನ್ನು ಅಲ್ಲಿಯವರು ನೇರವಾಗಿ ನ್ಯೂಯಾರ್ಕಿನಲ್ಲಿ ಆಡುವುದಿಲ್ಲ. ಮೊದಲು ಸುತ್ತಲಿನ ಬೇರೆ ಊರುಗಳಲ್ಲಿ ಆಡಿ ನೋಡುತ್ತಾರೆ. ಅಲ್ಲಿ ಬಿದ್ದರೆ ಬೀಳಲಿ. ಹೋಟೆಲಿನ ಕೋಣೆಯಲ್ಲಿ ಕುಳಿತು ಹಾಡು ತೆಗೆಯುತ್ತಾರೆ, ಹೊಸದು ಕಟ್ಟುತ್ತಾರೆ, ಮುಂದಿನ ಊರಿಗೆ ಹೋಗುತ್ತಾರೆ. ಎರಡನೆಯದು, ನ್ಯೂಯಾರ್ಕಿನ ಮೊದಲ ಪ್ರದರ್ಶನ ಮುಗಿದ ಮೇಲೆ ನಟರೂ ಬರೆದವರೂ ಯಾವುದೋ ಹೋಟೆಲಿನಲ್ಲಿ ಗುಂಪಾಗಿ ಕುಳಿತು ಪತ್ರಿಕೆ ಅಚ್ಚಾಗಿ ಬರುವುದನ್ನೇ ಕಾಯುತ್ತಾರೆ. ಪತ್ರಿಕೆಯವನು ಚೆನ್ನಾಗಿದೆ ಎಂದರೆ ನಾಟಕ ಬದುಕಿತು.

ಮೂರನೆಯದನ್ನು ಹೇಳುವಾಗ ಅವರ ದನಿ ತಗ್ಗುತ್ತಿತ್ತು. ಅಲ್ಲಿನ ನಾಟಕಗಳಲ್ಲಿ ಮೊದಲ ಅಂಕದಲ್ಲಿ ಕೇಳಿದ ಹಾಡು ಕಡೆಯ ಅಂಕದಲ್ಲಿ ತಾನಾಗಿ ತಿರುಗಿ ಬರುತ್ತದೆ. ಅದೇ ಮಾತು, ಅದೇ ಧಾಟಿ. ಆದರೆ ಅಷ್ಟರಲ್ಲಿ ಕಥೆ ನಡೆದುಹೋಗಿರುತ್ತದೆ. ಮೊದಲು ನಗಿಸಿದ ಸಾಲು ಈಗ ಎದೆಗೆ ನಾಟುತ್ತದೆ. ಅದನ್ನು ಅವರು ‘ಮರಳಿ ಬರೋ ಹಾಡು’ ಎಂದು ಕರೆದಿದ್ದರು. ಕನ್ನಡದಲ್ಲಿ ಅಂಥದೊಂದು ನಾಟಕ ಕಟ್ಟಿ, ಅಂಥದೊಂದು ಹಾಡನ್ನು ನಮ್ಮ ಮಂದಿಗೆ ಕೇಳಿಸಬೇಕೆಂಬುದು ಅವರ ಆಸೆ. ಬೇರೆ ಆಸೆ ಅವರಿಗಿದ್ದುದನ್ನು ನಾನು ಕಾಣೆ.

ಎಪ್ಪತ್ತರ ದಶಕದ ನಡುವಿನಲ್ಲಿ ಅದಕ್ಕೆ ಕೈಹಾಕಿದರು. ನಾನು ಆಗ ಅವರ ಹಳೆಯ ವಿದ್ಯಾರ್ಥಿ, ಪತ್ರಿಕೆಯೊಂದರ ಬಳ್ಳಾರಿ ವರದಿಗಾರ.

ನಾಟಕ ಅವರೇ ಬರೆದದ್ದು. ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಹೆಂಗಸಿನ ಕಥೆ. ಮೊದಲ ಅಂಕದಲ್ಲಿ ಅವಳು ಮದುವೆಯಾದ ಮಗಳನ್ನು ತಾನೇ ಹರಿಗೋಲಿನಲ್ಲಿ ಕೂರಿಸಿ ಆಚೆ ದಡಕ್ಕೆ ಕಳಿಸುತ್ತಾಳೆ. ‘ಹೊಳಿ ದಾಟಿ ಹೋಗವ್ವ, ಹೊಳ್ಳಿ ನೋಡಬ್ಯಾಡ’ ಎಂದು ಹಾಡುತ್ತಾಳೆ. ಅದು ಸಂಭ್ರಮದ ಹಾಡು, ನಡುನಡುವೆ ಮಗಳನ್ನು ಛೇಡಿಸುವ ಸಾಲುಗಳೂ ಇದ್ದವು. ಕಡೆಯ ಅಂಕದಲ್ಲಿ ಅದೇ ಹರಿಗೋಲಿನಲ್ಲಿ ಆಚೆ ದಡದಿಂದ ಮಗಳ ಹೆಣ ಬರುತ್ತದೆ. ತಾಯಿ ಅದೇ ಹಾಡನ್ನು ಹಾಡುತ್ತಾಳೆ. ಒಂದಕ್ಷರವೂ ಬದಲಾಗುವುದಿಲ್ಲ.

ತಾಯಿಯ ಪಾತ್ರಕ್ಕೆ ಅವರು ಕರೆತಂದದ್ದು ಕುರುಗೋಡಿನ ಹಂಪಮ್ಮನನ್ನು. ನಾಟಕ ಕಂಪನಿಯಲ್ಲಿ ಹಾಡಿ ಬೆಳೆದವಳು. ಕಂಪನಿ ಮುಚ್ಚಿದ ಮೇಲೆ ಹಳ್ಳಿಯ ಹುಡುಗರು ಆಡುವ ನಾಟಕಗಳಿಗೆ ಸ್ತ್ರೀಪಾತ್ರಕ್ಕೆ ಹೋಗುತ್ತಿದ್ದಳು. ಇವತ್ತು ರೂಪನಗುಡಿ, ನಾಳೆ ಹಲಕುಂದಿ. ಅಂಥ ನಟಿಯರನ್ನು ಎಲ್ಲರೂ ‘ಏ ಹಂಪಿ, ಬಾರ’ ಎಂದೇ ಕರೆಯುತ್ತಿದ್ದ ಕಾಲ ಅದು. ನಾನೂ ಮೇಲೆ ಅವಳು ಎಂದೇ ಬರೆದಿದ್ದೇನೆ. ಅವರು ಮಾತ್ರ ಮೊದಲ ದಿನದಿಂದ ‘ಬರ್ರಿ ಹಂಪಮ್ಮ, ಕುಂದರ್ರಿ’ ಎಂದರು. ಯಾರನ್ನು ಕರೆಯುತ್ತಿದ್ದಾರೆಂದು ಆಕೆ ಹಿಂದೆ ತಿರುಗಿ ನೋಡಿದ್ದರು.

ಕಾಲುಪೇಟಿ, ಅಂದರೆ ಕಾಲಿನಿಂದ ಒತ್ತುವ ಹಾರ್ಮೋನಿಯಂ, ನುಡಿಸಲು ಬಂದವರು ಕೌಲ್ ಬಜಾರಿನ ಖಾಸಿಂ ಸಾಬರು. ಹಂಪಮ್ಮ ಇದ್ದ ಕಂಪನಿಯಲ್ಲೇ ಪೇಟಿ ಮಾಸ್ತರರಾಗಿದ್ದವರು. ಎಲೆಯಡಿಕೆ ಬಾಯಿ, ಮಾತು ಚುರುಕು.

ಅಭ್ಯಾಸ ನಡೆಯುತ್ತಿದ್ದುದು ಹತ್ತಿ ಗಿರಣಿಯ ಒಂದು ಗೋದಾಮಿನಲ್ಲಿ. ಅಲ್ಲಿಯೇ ಮೊದಲ ತಂಟೆ ಹುಟ್ಟಿತು. ಅಮೆರಿಕದ ರಂಗಮಂದಿರಗಳಲ್ಲಿ ಎಲ್ಲರೂ ಮನೆಗೆ ಹೋದ ಮೇಲೂ ಬರಿದಾದ ರಂಗದ ನಡುವೆ ಒಂದು ದೀಪ ಉರಿಯುತ್ತಿರುತ್ತದಂತೆ. ಸತ್ತುಹೋದ ನಟರು ಬಂದು ಆಡಲಿ ಎಂದು ಕೆಲವರು, ಕತ್ತಲಲ್ಲಿ ಬಂದವರು ಎಡವಿ ಬೀಳದಿರಲಿ ಎಂದು ಕೆಲವರು. ಸರ ಗೋದಾಮಿನ ನಡುವೆ ಒಂದು ಕಂದೀಲು ಹಚ್ಚಿಟ್ಟು ಬಾಗಿಲು ಎಳೆದುಕೊಂಡು ಹೋದರು. ಮರುದಿನ ಕಾವಲುಗಾರ ಬಾಗಿಲಲ್ಲೇ ತಡೆದ.

“ಏನ್ರೀ ಸರ, ಓದಿದಾವ್ರು ಹೌದಲ್ಲೋ ನೀವು? ಹತ್ತಿ ಗೋದಾಮಿನ್ಯಾಗ ಕಂದೀಲು ಹಚ್ಚಿಟ್ಟು ಹೊಕ್ಕೀರಿ?”

“ಅಮೆರಿಕಾದಾಗ ಹಂಗ ಪದ್ಧತಿ ಐತಪಾ.”

“ಅಲ್ಲಿ ಹತ್ತಿಗೆ ಬೆಂಕಿ ಹತ್ತಂಗಿಲ್ಲೇನ್ರಿ?”

ಖಾಸಿಂ ಸಾಬರು ಪೇಟಿಯ ಮೇಲೆ ತಲೆಯಿಟ್ಟು ನಕ್ಕರು. ಅವರೂ ನಕ್ಕರು. ದೀಪದ ಪದ್ಧತಿಯನ್ನು ಸರ ಅಂದೇ ಬಿಟ್ಟರು. ಆದರೆ ಎಲ್ಲ ಪದ್ಧತಿಯನ್ನೂ ಬಿಡಲು ಅವರು ಸಿದ್ಧರಿರಲಿಲ್ಲ.

ನಮ್ಮ ನಾಟಕಗಳಲ್ಲಿ ಹಾಡು ಹಿಡಿಸಿದರೆ ಮಂದಿ ‘ವನ್ಸ್ ಮೋರ್’ ಎಂದು ಕೂಗುತ್ತಾರೆ. ಕೂಗಿದರೆ ನಟರು ಹಾಡಲೇಬೇಕು. ನಾಟಕ ಬೆಳಗಿನವರೆಗೆ ಸಾಗುವುದು ಅರ್ಧ ಇದರಿಂದಲೇ. ಇದನ್ನು ಅವರು ಪೂರ್ತಿ ನಿಷೇಧಿಸಿದರು. ನಾಟಕ ಸಂಜೆ ಶುರುವಾಗಿ ಮೂರು ತಾಸಿನೊಳಗೆ ಮುಗಿಯಬೇಕು, ಒಂದು ಹಾಡನ್ನೂ ಮರಳಿ ಹಾಡಕೂಡದು ಎಂದರು.

“ಮೂರು ತಾಸಿನ್ಯಾಗ ಮುಗಿದ್ರ ರೊಟ್ಟಿ, ಕಂಬಳಿ ಕಟಗೊಂಡು ಬಂದಾವ್ರು ಏನ್ ಮಾಡಬೇಕ್ರಿ?” ಎಂದರು ಹಂಪಮ್ಮ.

“ಮನಿಗೆ ಹೋಗಿ ರೊಟ್ಟಿ ತಿಂದು ಕಂಬಳಿ ಹೊದ್ದು ಮಲಗಲಿ.”

ಖಾಸಿಂ ಸಾಬರು ಎಲೆಯಡಿಕೆ ಉಗುಳಿ ಬಂದು ಕುಳಿತರು. “ಸರ, ಒಂದು ಕಿಸ್ಸಾ ಕೇಳ್ರಿ. ನಮ್ಮ ಕಂಪನ್ಯಾಗ ಒಬ್ಬ ಹೀರೋ ಇದ್ದ. ಕಡೀ ಸೀನಿನ್ಯಾಗ ಹೊಟ್ಟಿಗೆ ಕತ್ತಿ ಚುಚ್ಚಿಸಿಕೊಂಡು ಹಾಡಿ ಸಾಯ್ತಿದ್ದ. ಮಂದಿ ವನ್ಸ್ ಮೋರ್ ಅಂದ್ರು. ಎದ್ದು ನಿಂತ, ಕೈ ಮುಗಿದ, ಹಾಡಿದ, ಮತ್ತ ಸತ್ತ. ಮತ್ತ ವನ್ಸ್ ಮೋರ್. ಮತ್ತ ಎದ್ದ. ಚುಚ್ಚಿದ ವಿಲನ್ನು ನಿಂತು ನಿಂತು ಸಾಕಾಗಿ ಹೋಗಿ ಚಾ ಕುಡದು ಬಂದ. ಸತ್ತಾಂವನ್ನ ಎಬ್ಬಿಸೋ ತಾಕತ್ತು ಮಂದಿಗೆ ಐತ್ರಿ ಸರ. ಅದನ್ನ ಕಸಗೋಬ್ಯಾಡ್ರಿ.”

ಸರ ಕೂಡ ಎಲ್ಲರ ಜೊತೆ ನಕ್ಕರು. ನಕ್ಕು ಮುಗಿದ ಮೇಲೆ ಹೇಳಿದರು, “ಸಾಬ್ರ, ಮೊದಲ ಅಂಕದಾಗ ನಾಕು ಸಲ ಕೇಳಿಬಿಟ್ರ ಕಡೀ ಅಂಕದಾಗ ಯಾರೂ ಅಳಂಗಿಲ್ಲ. ಒಮ್ಮೆ ಕೇಳಿ, ಇನ್ನೊಮ್ಮೆ ಬೇಕು ಬೇಕು ಅನಿಸಿ, ಸಿಗದಂಗಾಗಿ, ಮರತೇ ಬಿಟ್ಟಾಗ ಬರಬೇಕು ಅದು.”

“ಹಸಿದಾವಂಗ ಎಡಿ ತೋರಿಸಿ ತಗದಂಗ ಆತ್ರಿ.”

“ತಗಿಯೂದಲ್ರಿ. ಆಮ್ಯಾಲ ನೀಡೂದು.”

ಇದರ ನಡುವೆ ಹಂಪಮ್ಮನವರ ದನಿ ಒಡೆಯತೊಡಗಿತು. ಎರಡು ಹಾಡಾದ ಮೇಲೆ ಮೂರನೆಯದರಲ್ಲಿ ಮೇಲಿನ ಸ್ವರ ಏಳುತ್ತಿರಲಿಲ್ಲ. ಸರ ತಾವೇ ಅವರನ್ನು ಬಳ್ಳಾರಿಯ ವೈದ್ಯರೊಬ್ಬರ ಹತ್ತಿರ ಕರೆದೊಯ್ದರು. ಗಂಟಲಿನಲ್ಲಿ ಗಂಟಿದೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಕೊಯ್ದು ತೆಗೆಯಬೇಕಾಗಬಹುದು ಎಂದು ವೈದ್ಯರು ಹೇಳಿದರಂತೆ. ಮರುದಿನ ಗೋದಾಮಿನಲ್ಲಿ ನಡೆದ ಮಾತು ಮಾತ್ರ ನಾನೇ ಕೇಳಿದ್ದು.

“ನಾಟಕ ನಿಲ್ಲಸ್ತೀನಿ ಹಂಪಮ್ಮ. ನೀವು ಮೊದಲ ಆಸ್ಪತ್ರಿಗೆ ನಡೀರಿ.”

“ಗಂಟಲಾಗ ಕತ್ತರಿ ಆಡಿಸಿದ ಮ್ಯಾಲ ಹಾಡ್ತೀನೋ ಇಲ್ಲೋ ಯಾರಿಗೆ ಗೊತ್ತೈತ್ರಿ? ಇದೊಂದು ಹಾಡಿ ಹೋಗ್ತೀನಿ. ಇಷ್ಟು ವರ್ಷದಾಗ ನನಗಂತ ಯಾರೂ ಹಾಡು ಕಟ್ಟಿದ್ದಿಲ್ಲ ಸರ.”

ಸರ ಹಾಡುಗಳ ಪಟ್ಟಿ ತೆಗೆದರು. ಆಮೇಲೆ ಏರ್ಪಾಡು ಬದಲಾಯಿತು. ಉಳಿದ ಹಾಡುಗಳನ್ನೆಲ್ಲ ಬೇರೆಯವರಿಗೆ ಹಂಚಿದರು. ಹಂಪಮ್ಮ ಒಂದೇ ಹಾಡು ಹಾಡಬೇಕು. ಮೊದಲ ಅಂಕದಲ್ಲೊಮ್ಮೆ ತಗ್ಗಿದ ಶ್ರುತಿಯಲ್ಲಿ, ಕಡೆಯ ಅಂಕದಲ್ಲೊಮ್ಮೆ ಪೂರ್ತಿ ದನಿಯಲ್ಲಿ. ವನ್ಸ್ ಮೋರ್ ಬೇಡವೆಂಬುದಕ್ಕೆ ಈಗ ಎರಡನೆಯ ಕಾರಣ ಸಿಕ್ಕಿತ್ತು. ಆ ಕಾರಣ ಸುಳ್ಳಾಗಿರಲಿಲ್ಲ.

ಊರುಗಳನ್ನೂ ಅವರು ಅಮೆರಿಕದ ಪದ್ಧತಿಯಂತೆಯೇ ಗೊತ್ತುಮಾಡಿದರು. ಮೊದಲು ಸಿರುಗುಪ್ಪ, ಆಮೇಲೆ ಕುರುಗೋಡು, ಕಡೆಗೆ ಬಳ್ಳಾರಿ. “ಸಿರುಗುಪ್ಪದಾಗ ಬಿದ್ರ ಚಿಂತಿಲ್ಲ. ಕುರುಗೋಡಿನ್ಯಾಗ ಏಳೋಣು. ಬಳ್ಳಾರ್ಯಾಗ ನಿಲ್ಲೋಣು.” ಹೊಸದಾಗಿ ಬಂದ ಹುಡುಗ ನಟರಿಗೆ ಈ ಮಾತನ್ನು ಎಷ್ಟು ಸಲ ಹೇಳಿದ್ದರೆಂದರೆ ಆ ಹುಡುಗರು ಚಹಾ ಕುಡಿಯುವಾಗಲೂ ಅದನ್ನೇ ಅಣಕಿಸುತ್ತಿದ್ದರು.

ಸಿರುಗುಪ್ಪದಲ್ಲಿ ಭತ್ತದ ಸುಗ್ಗಿ ಮುಗಿದಿತ್ತು. ಅಕ್ಕಿ ಗಿರಣಿಗಳ ಹಿಂದಿನ ಬಯಲಿನಲ್ಲಿ ರಂಗ ಕಟ್ಟಿದ್ದರು. ಕಾಲುವೆ ಬದಿಯಲ್ಲಿ ವಲಸೆ ಬಂದ ರೈತರು ನೆಲೆಸಿದ್ದ ಕ್ಯಾಂಪುಗಳಿಂದ, ಹೊಳೆ ದಂಡೆಯ ಹಳ್ಳಿಗಳಿಂದ ಚಕ್ಕಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಜನ ಬಂದರು. ರೊಟ್ಟಿ ಬುತ್ತಿ ತಂದಿದ್ದರು, ಕಂಬಳಿ ತಂದಿದ್ದರು. ನಿಜವಾದ ಹರಿಗೋಲನ್ನೇ ಅಂಬಿಗರು ಹೊಳೆಯಿಂದ ಹೊತ್ತು ತಂದು ರಂಗದ ಮೇಲಿಟ್ಟಿದ್ದರು, ಅದರ ತೊಗಲು ಇನ್ನೂ ಒದ್ದೆಯಿತ್ತು. ಮುಂದಿನ ಸಾಲಿನಲ್ಲಿ ನಾಟಕ ಕರೆಸಿದ ಗಿರಣಿ ಸಾಹುಕಾರರು. ನಾನು ರಂಗದ ಪಕ್ಕದಲ್ಲಿ ಖಾಸಿಂ ಸಾಬರ ಬಳಿ ನಿಂತಿದ್ದೆ. ಸರ ತಮ್ಮ ಅಭ್ಯಾಸದಂತೆ ಜನರ ಹಿಂದೆ ಹೋಗಿ ನಿಲ್ಲಬೇಕಿತ್ತು. ಅಂದು ಹಂಪಮ್ಮನವರ ಗಂಟಲಿನ ಚಿಂತೆಯಿಂದ ಪರದೆಯ ಸಂದಿನಲ್ಲೇ ಉಳಿದರು.

ಮೊದಲ ಅಂಕದ ಕಡೆಗೆ ಹಂಪಮ್ಮ ಹಾಡಿದರು. ತಗ್ಗಿದ ಶ್ರುತಿ, ಸ್ವಲ್ಪ ಒರಟಾದ ದನಿ. ಹರಿಗೋಲಿನ ಅಂಚು ಹಿಡಿದು ಅದನ್ನು ತೂಗುತ್ತ, ಮಗಳ ಗದ್ದ ಹಿಡಿದು ಛೇಡಿಸುತ್ತ ಹಾಡಿದರು. ಹಾಡು ಮುಗಿಯಿತು. ಒಮ್ಮೆಗೇ ಕೂಗು ಎದ್ದಿತು. ವನ್ಸ್ ಮೋರ್!

ಖಾಸಿಂ ಸಾಬರ ಕಾಲು ಅಭ್ಯಾಸಬಲದಿಂದ ತಾನಾಗಿ ಪೇಟಿಯನ್ನು ಒತ್ತಿತು, ಬೆರಳು ಮೊದಲ ಸ್ವರಕ್ಕೆ ಹೋಯಿತು. ಸರ ಪರದೆಯ ಸಂದಿನಿಂದ ಕೈಯೆತ್ತಿ ತಡೆದರು. ಹಂಪಮ್ಮ ಪಕ್ಕಕ್ಕೆ ಬಂದರು. ಮುಖದ ಬಣ್ಣದ ಮೇಲೆ ಬೆವರು. ಕಣ್ಣು ಮಾತ್ರ ಅಭ್ಯಾಸದ ದಿನಗಳಲ್ಲಿ ನಾನು ಎಂದೂ ಕಾಣದಷ್ಟು ಹೊಳೆಯುತ್ತಿತ್ತು.

“ಒಂದ ಸಲ ಹಾಡಿ ಬರ್ತೀನ್ರಿ ಸರ. ಮಂದಿ ಕೇಳಾಕತ್ಯಾರ.”

“ಬ್ಯಾಡ್ರಿ ಹಂಪಮ್ಮ. ಕಡೀ ಅಂಕಕ್ಕ ದನಿ ಉಳಿಸಿಕೊಳ್ರಿ.”

“ಸರ, ನೋಡ್ರಿ ಅವರನ್ನ...”

“ನಾ ಹೇಳ್ತೀನಿ ಕೇಳ್ರಿ. ಇವತ್ತೊಂದಿನ ನನ್ನ ಮಾತು ಕೇಳ್ರಿ.”

ಎರಡನೆಯ ಅಂಕದ ಪರದೆ ಎತ್ತಿಸಿದರು. ಮಾತಾಡಲು ಬಂದ ಹುಡುಗ ನಟನ ಒಂದು ಶಬ್ದವೂ ಕೇಳಿಸಲಿಲ್ಲ. ಸಾಹುಕಾರರು ಎದ್ದು ರಂಗದ ಬಳಿ ಬಂದರು. ಮೊದಲು ಸಮಾಧಾನದಿಂದಲೇ ಮಾತಾಡಿದರು. “ಸರ, ಊರ ಮಂದಿ ಪ್ರೀತೀಲೆ ಕೇಳಾಕತ್ಯಾರ. ಒಂದ ಸಲ ಹಾಡಸ್ರಿ.”

“ಕಡೀಕ ತಾನಾಗೇ ಬರ್ತೈತ್ರಿ ಸಾವ್ಕಾರ್ರ. ಸ್ವಲ್ಪ ತಡೀರಿ.”

“ಕಡೀಕ ಬರೂದು ಬರಲಿ. ಈಗ ಕೇಳಿದ್ದಕ್ಕ ಇಲ್ಲ ಅಂತೀರೇನು?”

ಆಗ ಸರ ಒಂದು ಕೆಲಸ ಮಾಡಿದರು. ಸ್ವತಃ ರಂಗದ ನಡುವೆ ಬಂದು, ಹರಿಗೋಲಿನ ಪಕ್ಕದಲ್ಲಿ ನಿಂತು ಜನರಿಗೆ ತಿಳಿಹೇಳಲು ತೊಡಗಿದರು. ಮನೆಯ ಮಾತಿನಲ್ಲಿ ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಗಾಬರಿಯಲ್ಲಿ ಅವರ ಬಾಯಿಗೆ ಕಾಲೇಜಿನ ಕನ್ನಡ ಬಂತು. “ಮಹನೀಯರೇ, ಅಮೆರಿಕದ ರಂಗಭೂಮಿಯಲ್ಲಿ ಒಂದು ಸಂಪ್ರದಾಯವಿದೆ...”

“ಹಂಗಾರ ಅಮೆರಿಕಾಕ್ಕ ಹೋಗಿ ಆಡ್ರಲೇ!” ಎಂದು ಹಿಂದಿನಿಂದ ಯಾರೋ ಕೂಗಿದರು. ಬಯಲಿಗೆ ಬಯಲೇ ನಕ್ಕಿತು. ಆ ನಗೆ ನಿಲ್ಲಲಿಲ್ಲ. ಅದು ಕೂಗಾಯಿತು, ಕೂಗು ನೂಕಾಟವಾಯಿತು. ಸಾಹುಕಾರರು ಶಲ್ಯ ಕೊಡವಿ ಹೊರಟುಹೋದರು. ಅವರ ಹಿಂದೆ ಮುಂದಿನ ಸಾಲು ಎದ್ದಿತು. ಯಾರೋ ಚಪ್ಪರದ ಗಳ ಎಳೆದರು. ಯಾರಿಗೂ ಗಾಯವಾಗಲಿಲ್ಲ. ನಾಟಕ ಎರಡನೆಯ ಅಂಕದಲ್ಲಿ ನಿಂತಿತು. ಜನ ಬುತ್ತಿ ಕಂಬಳಿ ಎತ್ತಿಕೊಂಡು ಚಕ್ಕಡಿ ಕಟ್ಟಿದರು.

ಬಯಲು ಬರಿದಾದಾಗ ಹಂಪಮ್ಮ ಹರಿಗೋಲಿನೊಳಗೆ ಕುಳಿತಿದ್ದರು. ಖಾಸಿಂ ಸಾಬರು ಪೇಟಿಯಿಂದ ಎದ್ದಿರಲಿಲ್ಲ.

“ಸರ, ಮಂದಿ ಹೋದ್ರ ಹೋಗ್ಲಿ. ನಾವಾರ ಅದೀವಿ. ಕಡೀ ಹಾಡು ಹಾಡೇ ಬಿಡಾನೇನು?”

ಹಂಪಮ್ಮ ತಲೆಯೆತ್ತಿ ಸರ ಅವರ ಮುಖ ನೋಡಿದರು. ಗಂಟಲನ್ನು ಒಮ್ಮೆ ಸರಿಮಾಡಿಕೊಂಡರು.

“ಬ್ಯಾಡ್ರಿ ಸಾಬ್ರ. ಕುರುಗೋಡಿನ್ಯಾಗ ಹಾಡೋಣು. ದನಿ ಉಳೀಲಿ” ಎಂದರು ಸರ.

ಅಂಬಿಗರು ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ಹೊಳೆಯ ಕಡೆ ನಡೆದರು.

ನಾನು ಐದು ಸಾಲಿನ ಸುದ್ದಿ ಕಳಿಸಿದೆ. ಪ್ರೇಕ್ಷಕರು ಹಾಡಿನ ಪುನರಾವರ್ತನೆಗೆ ಒತ್ತಾಯಿಸಿದರು, ನಿರ್ದೇಶಕರು ನಿರಾಕರಿಸಿದರು, ಪ್ರದರ್ಶನ ಅರ್ಧಕ್ಕೆ ನಿಂತಿತು. ಅದು ಅಚ್ಚಾಗಿ ಬರುವ ದಿನ ಬೆಳಿಗ್ಗೆ ಬಳ್ಳಾರಿಯ ಬಸ್ ನಿಲ್ದಾಣಕ್ಕೆ ಹೋದರೆ, ಪತ್ರಿಕೆಯ ಕಟ್ಟು ಇಳಿಸುವ ಜಾಗದಲ್ಲಿ ಅವರು ನನಗಿಂತ ಮೊದಲೇ ನಿಂತಿದ್ದರು. ಕಟ್ಟು ಬಿಚ್ಚಿಸಿ, ಒಂದು ಪ್ರತಿ ಕೊಂಡು, ನಿಂತಲ್ಲೇ ಹುಡುಕಿದರು. ಒಳಪುಟದ ಮೂಲೆಯಲ್ಲಿತ್ತು. ಓದಿದರು. ಮಡಿಚಿದರು.

“ಚಲೋ ಬರದೀಯಪಾ. ಒಂದೂ ತಪ್ಪಿಲ್ಲ.”

 “ಚಾ ಕುಡಿಯೋಣ್ರಿ ಸರ” ಎಂದೆ. ಕುಡಿದೆವು. ಚಹಾದಂಗಡಿಯಲ್ಲೂ ಅವರು ನಿಂತೇ ಇದ್ದರು.

ಅಮೆರಿಕದಲ್ಲಿ ಒಂದು ಊರಿನಲ್ಲಿ ಬಿದ್ದ ನಾಟಕಕ್ಕೆ ಇನ್ನೊಂದು ಊರು ಕಾದಿರುತ್ತದೆ. ಇಲ್ಲಿ ಸಿರುಗುಪ್ಪದ ಸುದ್ದಿ ಅವರಿಗಿಂತ ಮೊದಲು ಕುರುಗೋಡು ಮುಟ್ಟಿತ್ತು. ‘ನಮ್ಮೂರಾಗ ಗದ್ದಲ ಬ್ಯಾಡ್ರಿ ಸರ’ ಎಂದು ಅಲ್ಲಿಯವರು ಕೈಮುಗಿದರು. ಅವರು ಬೇರೆ ದಿನ ಕೇಳಿದರು, ಬೇರೆ ಜಾಗ ಕೇಳಿದರು. ಆ ಓಡಾಟದಲ್ಲಿರುವಾಗಲೇ ಹಂಪಮ್ಮನವರಿಗೆ ಉಗುಳು ನುಂಗುವುದೂ ಕಷ್ಟವಾಯಿತು. ದೂರದ ಊರಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಕಾಲೇಜಿಗೆ ರಜೆ ಹಾಕಿ ಅವರೂ, ಜೊತೆಗೆ ಖಾಸಿಂ ಸಾಬರೂ ಅಲ್ಲಿದ್ದರು. ಜೀವ ಉಳಿಸಲು ವೈದ್ಯರು ದನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಹಂಪಮ್ಮ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕುರುಗೋಡಿಗೆ ಮರಳಿದರು. ಆ ಮೇಲೆ ಅವರ ಬಾಯಿಂದ ಪಿಸುಮಾತೂ ಬರಲಿಲ್ಲ.

ಸಿರುಗುಪ್ಪದ ಬಯಲಿನಲ್ಲಿ ತಗ್ಗಿದ ಶ್ರುತಿಯಲ್ಲಿ ಹಾಡಿದ್ದೇ ಅವರು ಹಾಡಿದ ಕೊನೆಯ ಹಾಡು. ಉಳಿಸಿಟ್ಟ ದನಿಯನ್ನು ಯಾರೂ ಕೇಳಲಿಲ್ಲ.

ಊರಿನ ಹುಡುಗರಿಗೆ ಇದೆಲ್ಲ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಅಮೆರಿಕಾ ಸರನ ಫಜೀತಿ ಮಾತ್ರ. ಸೈಕಲ್ ಮೇಲೆ ಹಾಯುವಾಗ ‘ವನ್ಸ್ ಮೋರ್’ ಎಂದು ಕೂಗಿ ಹೋಗುತ್ತಿದ್ದರು. ಒಂದು ದಿನ ತರಗತಿಯಲ್ಲಿ ಅವರು ಪದ್ಯವೊಂದನ್ನು ಓದಿ ಮುಗಿಸಿದಾಗ ಹಿಂದಿನ ಬೆಂಚಿನಿಂದ ಅದೇ ಕೂಗು ಬಂತೆಂದು ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದವರೊಬ್ಬರು ಹೇಳಿದ್ದಾರೆ.  ಅವರು ಪುಸ್ತಕದ ಹಾಳೆ ಹಿಂದಕ್ಕೆ ತಿರುಗಿಸಿ ಪದ್ಯವನ್ನು ಮೊದಲಿನಿಂದ ಓದಿದರು. ಗೇಲಿಯಿಲ್ಲ, ಸಿಟ್ಟಿಲ್ಲ. ಓದಿ ಮುಗಿಸಿ, ಇನ್ನೂ ಬೇಕೇನು ಎಂಬಂತೆ ಹಿಂದಿನ ಬೆಂಚಿನ ಕಡೆ ನೋಡಿದರು. ಆ ಹುಡುಗ ತಲೆ ತಗ್ಗಿಸಿದ.

ಅಂದಿನಿಂದ ಯಾರು ಏನನ್ನು ಮತ್ತೊಮ್ಮೆ ಕೇಳಿದರೂ ಅವರು ಇಲ್ಲ ಎಂದದ್ದನ್ನು ನಾನು ಕಾಣಲಿಲ್ಲ. ಅಣ್ಣನ ಮೊಮ್ಮಗಳು ಒಂದೇ ಕಥೆಯನ್ನು ಊಟ ಮುಗಿಯುವವರೆಗೆ ಹೇಳಿಸುತ್ತಿದ್ದಳು. ‘ಸಾಕು ಬಿಡವಾ, ತಾತಗ ದಣಿವಾಗ್ತೈತಿ’ ಎಂದು ತಾಯಿ ಗದರಿದರೆ, ‘ಕೇಳಲಿ ಬಿಡು, ಕೇಳೋರು ಇದ್ದಾಗ ಹೇಳಬೇಕು’ ಎನ್ನುತ್ತಿದ್ದರು. ಅಮೆರಿಕದ ನಾಟಕಗಳ ಸುದ್ದಿ ಮಾತ್ರ ನಿಂತುಹೋಯಿತು. ನಾನೇ ಒಮ್ಮೆ ಬೆಂಕಿ ಬಿದ್ದ ರಂಗಮಂದಿರದ ಕಥೆ ತೆಗೆದೆ. ‘ಹೌದಪಾ, ಹಂಗ ಹೇಳ್ತಾರ’ ಎಂದಷ್ಟೇ ಹೇಳಿದರು.

ಭಾನುವಾರಗಳಲ್ಲಿ ಕುರುಗೋಡಿನ ಬಸ್ಸು ಹತ್ತುತ್ತಿದ್ದರು. ಒಂದು ಸಲ ನಾನೂ ಜೊತೆಗೆ ಹೋದೆ. ಗುಡ್ಡದ ಬುಡದಲ್ಲಿ ಎರಡು ಕೋಣೆಯ ಮನೆ, ಅಂಗಳದಲ್ಲಿ ಬೇವಿನ ಮರ. ಹಂಪಮ್ಮ ಮಂಡಕ್ಕಿ ವಗ್ಗರಣೆ ಮಾಡಿ, ಮೇಲೆ ಮಿರ್ಚಿ ಇಟ್ಟು ಕೊಟ್ಟರು. ಅವರ ಕೈಗಳು ಮಾತಾಡುತ್ತಿದ್ದವು, ರಂಗದ ಮೇಲೆ ಬೆಳೆದ ಕೈಗಳು. ನನ್ನ ಹೊಟ್ಟೆ ತೋರಿಸಿ, ಬುಟ್ಟಿಯಷ್ಟು ದೊಡ್ಡದೆಂದು ಅಣಕಿಸಿ ನಕ್ಕರು. ದನಿಯಿಲ್ಲದ ನಗೆ. ಅವರೂ ನಕ್ಕರು.

ಹೊರಡುವ ಹೊತ್ತಿಗೆ ಸರ ತಟ್ಟೆಯ ಮೇಲೆ ಕಣ್ಣಿಟ್ಟು ಕೇಳಿದರು. “ಹಂಪಮ್ಮ, ಅವತ್ತು ನಾ ನಿಮ್ಮನ್ನ ಹಾಡಾಕ ಬಿಡಬೇಕಿತ್ತೇನ್ರಿ?”

ಹಂಪಮ್ಮನವರ ಕೈಗಳು ಮೊದಲ ಸಲ ಸುಮ್ಮನಾದವು. ಆಮೇಲೆ ಎದ್ದು, ಬುಟ್ಟಿಯಿಂದ ಇನ್ನೊಂದು ಮಿರ್ಚಿ ತಂದು ಅವರ ತಟ್ಟೆಗೆ ಹಾಕಿದರು. ಅವರು ತಿಂದರು. 

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರು. ನಾನು ಮನೆ ಮುಟ್ಟಿದಾಗ ಬಿಸಿಲೇರಿತ್ತು. ನಮ್ಮ ಕಡೆಯ ಲಿಂಗಾಯತರ ಪದ್ಧತಿಯಂತೆ ಪಡಸಾಲೆಯಲ್ಲಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಹಾರ. ಜೀವಮಾನವಿಡೀ ಹಿಂದೆ ನಿಂತು ನೋಡಿದವರನ್ನು ಅಂದು ಎಲ್ಲರಿಗಿಂತ ಮುಂದೆ ಕೂರಿಸಲಾಗಿತ್ತು. ತೆರೆದ ಬಾಗಿಲಿನಿಂದ ಒಳಕೋಣೆಯ ಗೂಟದಲ್ಲಿ ಆ ಕಪ್ಪು ಕೋಟು ಕಾಣುತ್ತಿತ್ತು. ಓಣಿಯ ಭಜನೆಯವರು ಪೇಟಿ ತಂದಿಟ್ಟು ವಚನ ಹಾಡುತ್ತಿದ್ದರು.

ಹಂಪಮ್ಮ ಬಂದರು, ಕೊರಳ ಬಟ್ಟೆಯ ಮೇಲೆ ಸೆರಗು ಹೊದ್ದು. ಅವರ ತೋಳು ಹಿಡಿದು ಖಾಸಿಂ ಸಾಬರು. ಸಾಬರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹಂಪಮ್ಮ ಕಾಲಿಗೆರಗಿ ಎದುರಿಗೆ ಕುಳಿತರು. ಭಜನೆ ನಿಂತಾಗ ಸಾಬರ ಕಡೆ ನೋಡಿ ಪೇಟಿಯತ್ತ ಗದ್ದ ಎತ್ತಿದರು. ಸಾಬರು ಪೇಟಿಯ ಮುಂದೆ ಸರಿದರು.

ಅಣ್ಣನ ಮಗ ಹತ್ತಿರ ಬಂದು ಬಗ್ಗಿದ. “ಸಾಬ್ರ, ತಪ್ಪು ತಿಳಕೋಬ್ಯಾಡ್ರಿ. ಇಲ್ಲಿ ನಾಟಕದ ಹಾಡು ಬ್ಯಾಡ್ರಿ. ಹಿರೇರು ಅದಾರ.”

“ಹಾಡಲ್ಲಪ್ಪ” ಎಂದರು ಖಾಸಿಂ ಸಾಬರು. “ಹಾಡೋ ದನಿ ಎಲ್ಲೈತಿ? ಬರೇ ಸ್ವರ.”

ಅವನು ಹಂಪಮ್ಮನವರ ಕೊರಳ ಬಟ್ಟೆ ನೋಡಿದ. ಹಿಂದೆ ಸರಿದ.

ಸಾಬರು ನುಡಿಸಿದರು. ಸಿರುಗುಪ್ಪದಲ್ಲಿ ಕೇಳಿದ್ದಕ್ಕಿಂತ ಮೇಲಿನ ಶ್ರುತಿಯಲ್ಲಿ, ಕಡೆಯ ಅಂಕಕ್ಕೆಂದು ಇಟ್ಟುಕೊಂಡಿದ್ದ ಶ್ರುತಿಯಲ್ಲಿ. ಹೊಳಿ ದಾಟಿ ಹೋಗವ್ವ, ಹೊಳ್ಳಿ ನೋಡಬ್ಯಾಡ. ಪಡಸಾಲೆಯಲ್ಲಿದ್ದ ಎಷ್ಟೋ ಜನರಿಗೆ ಅದು ಯಾವ ಹಾಡೆಂದು ಗೊತ್ತಿರಲಿಲ್ಲ. ಹಂಪಮ್ಮನವರ ತುಟಿಗಳು ಒಂದೊಂದೇ ಶಬ್ದವನ್ನು ಆಡುತ್ತಿದ್ದವು. ಬಲಗೈ ಇಲ್ಲದ ಹರಿಗೋಲಿನ ಅಂಚು ಹಿಡಿದು ತೂಗುತ್ತಿತ್ತು.

ಸ್ವರ ನಿಂತಿತು. ಭಜನೆಯವರು ಮುಂದಿನ ವಚನಕ್ಕೆ ತಾಳ ಎತ್ತಿಕೊಂಡರು.

ಹಂಪಮ್ಮ ಭಜನೆಯವರಿಗೆ ತಡೆಯಿರಿ ಎಂಬಂತೆ ಕೈ ಮಾಡಿದರು. ಆಮೇಲೆ ಸತ್ತವರ ಮುಖದಿಂದ ಕಣ್ಣು ತೆಗೆಯದೆ, ಬಯಲಿನ ಹಿಂದಿನ ಸಾಲಿಗೂ ಕಾಣುವಂತೆ ತಲೆಯ ಮೇಲೆ ಕೈ ಚಾಚಿ, ಒಂದು ಬೆರಳು ಎತ್ತಿ ಹಿಡಿದರು.

ಖಾಸಿಂ ಸಾಬರ ಬೆರಳುಗಳು ಪೇಟಿಯ ಮೇಲೆ ತಡೆದವು. ಅಭ್ಯಾಸದಂತೆ ಒಮ್ಮೆ ಸರ ಅವರ ಕಡೆ ನೋಡಿದರು.

ಬೇಡವೆನ್ನಬೇಕಾದವರು ಸುಮ್ಮನೆ ಕುಳಿತಿದ್ದರು. ಸಾಬರು ಮೊದಲಿನಿಂದ ನುಡಿಸಿದರು.